ಎರಡು ತುತ್ತಿನ ತಪಸ್ಸು

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಬಸದಿಯ ಅಂಗಳಕ್ಕೆ ಬೇರೆಯೇ ಕಳೆ ಬಂದಿರುತ್ತದೆ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ಕೆಲವರು ಪೂರ್ಣ ನಿರಾಹಾರಿಗಳಾಗಿರುತ್ತಾರೆ. ಕೆಲವರು ದಿನಕ್ಕೊಮ್ಮೆ ಮಾತ್ರ ಉಣ್ಣುತ್ತಾರೆ. ಇನ್ನು ಕೆಲವರು ಒಂದು ದಿನ ಉಪವಾಸ, ಒಂದು ದಿನ ಏಕಭುಕ್ತ ಎಂಬ ಕ್ರಮದಲ್ಲಿ ಪರ್ವವನ್ನು ಪೂರೈಸುತ್ತಾರೆ. ವರ್ಷವಿಡೀ ವ್ಯಾಪಾರದಲ್ಲಿಯೋ ಉದ್ಯೋಗದಲ್ಲಿಯೋ ಮುಳುಗಿದ್ದವರು ಆ ದಿನಗಳಲ್ಲಿ ಹಸಿವಿನ ಎದುರು ನಿಂತು ಗೆಲ್ಲುತ್ತಾರೆ. ಸಮಾಜವು ಅವರಿಗೆ ಹಾರ ಹಾಕಿ ಗೌರವಿಸುತ್ತದೆ. ಅದು ಯೋಗ್ಯವಾದ ಗೌರವವೇ.

ಆದರೆ ಪಾರಣೆಯಾಗಿ ನಾಲ್ಕಾರು ದಿನ ಕಳೆದ ಬಳಿಕ ಅದೇ ಮನೆಗಳ ಊಟದ ಪಂಕ್ತಿಯಲ್ಲಿ ಕಾಣುವ ದೃಶ್ಯ ಬೇರೆ. ಹತ್ತು ದಿನ ಅನ್ನವನ್ನೇ ಮುಟ್ಟದ ಕೈ ಮೂರನೆಯ ಹೋಳಿಗೆಗೆ ಚಾಚುತ್ತದೆ. ಹೊಟ್ಟೆ ತುಂಬಿದ ಮೇಲೂ ಹಪ್ಪಳ, ಸಂಡಿಗೆಗಳ ನೆಪದಲ್ಲಿ ಇನ್ನೊಂದು ಸುತ್ತಿನ ಅನ್ನ ಬರುತ್ತದೆ. ಹಸಿವನ್ನು ಗೆದ್ದವನು ರುಚಿಯ ಎದುರು ಸೋತಿರುತ್ತಾನೆ. ಉಪವಾಸದಿಂದ ಬಂದ ಲಘುತ್ವವನ್ನು ಹದಿನೈದೇ ದಿನಗಳಲ್ಲಿ ಕಳೆದುಕೊಂಡು, ವೈದ್ಯರ ಬಳಿ ಸಕ್ಕರೆಯ ಪ್ರಮಾಣದ ಲೆಕ್ಕ ಒಪ್ಪಿಸುವ ಶ್ರಾವಕರು ಅಪರೂಪವೇನಲ್ಲ.

ಉಪವಾಸವು ಶ್ರೇಷ್ಠ ತಪಸ್ಸೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಗಮಗಳು ಅದರ ಪಕ್ಕದಲ್ಲಿಯೇ ಇರಿಸಿರುವ ಇನ್ನೊಂದು ತಪಸ್ಸನ್ನು ಮನೆಗಳು ಮರೆಯುತ್ತಿವೆ. ಅದಕ್ಕೆ ಹಾರವಿಲ್ಲ, ಮೆರವಣಿಗೆಯಿಲ್ಲ, ಪಾರಣೆಯ ಸಂಭ್ರಮವಿಲ್ಲ. ಹಸಿವು ಪೂರ್ಣವಾಗಿ ತಣಿಯುವ ಮೊದಲೇ, ಇನ್ನೂ ಎರಡು ತುತ್ತಿಗೆ ಜಾಗವಿರುವಾಗಲೇ, ಎಲೆಯ ಮುಂದಿನಿಂದ ಏಳುವ ತಪಸ್ಸು ಅದು. ಶಾಸ್ತ್ರದಲ್ಲಿ ಅದರ ಹೆಸರು ಅವಮೌದರ್ಯ. ಜನರ ಮಾತಿನಲ್ಲಿ ಊನೋದರ. ದಿನನಿತ್ಯದ ಆಹಾರವನ್ನು ಹಿತವಾಗಿಸಿಕೊಳ್ಳಲು ಬಯಸುವ ಗೃಹಸ್ಥನಿಗೆ ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ. ವರ್ಷಕ್ಕೊಮ್ಮೆಯ ದೊಡ್ಡ ಉಪವಾಸಕ್ಕಿಂತ ಪ್ರತಿದಿನದ ಈ ಸಣ್ಣ ಸಂಯಮವೇ ಅವನಿಗೆ ಹೆಚ್ಚು ಕಠಿಣ, ಹೆಚ್ಚು ಅಗತ್ಯ.

ಆರರಲ್ಲಿ ನಾಲ್ಕು ತಟ್ಟೆಗೆ ಸಂಬಂಧಿಸಿದವು

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಬಾಹ್ಯ ತಪಸ್ಸುಗಳನ್ನು ಹೆಸರಿಸುತ್ತಾರೆ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ ಮತ್ತು ಕಾಯಕ್ಲೇಶ. ಇವುಗಳಲ್ಲಿ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು. ಅನಶನವೆಂದರೆ ಆಹಾರವನ್ನು ಬಿಡುವುದು. ಅವಮೌದರ್ಯವೆಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ವೃತ್ತಿಪರಿಸಂಖ್ಯಾನವೆಂದರೆ ಇಷ್ಟೇ, ಇಂಥದ್ದೇ, ಇಲ್ಲಿಯೇ ಎಂದು ಆಹಾರಕ್ಕೆ ಮುಂಚಿತವಾಗಿ ಗಡಿ ಹಾಕಿಕೊಳ್ಳುವುದು. ರಸಪರಿತ್ಯಾಗವೆಂದರೆ ನಾಲಿಗೆಯನ್ನು ಉಬ್ಬಿಸುವ ರಸಗಳನ್ನು ತೊರೆಯುವುದು. ಆಹಾರದ ಕುರಿತ ನಾಲ್ಕು ತಪಸ್ಸುಗಳಲ್ಲಿ ಪೂರ್ತಿ ಬಿಡುವುದು ಒಂದು ಮಾತ್ರ. ಉಳಿದ ಮೂರೂ ಉಣ್ಣುತ್ತಲೇ ಮಾಡಬೇಕಾದ ತಪಸ್ಸುಗಳು!

ಆಚಾರ್ಯ ವಟ್ಟಕೇರರ ಮೂಲಾಚಾರವು ಅವಮೌದರ್ಯಕ್ಕೆ ಸ್ಪಷ್ಟವಾದ ಅಳತೆಯನ್ನೇ ಕೊಟ್ಟಿದೆ. ಪುರುಷನ ಸಹಜವಾದ ಪೂರ್ಣಾಹಾರವನ್ನು 32 ಕವಳವೆಂದು ಲೆಕ್ಕ ಹಾಕಿ, ಅದರಲ್ಲಿ ಒಂದು ಕವಳ ಕಡಿಮೆಯಾದರೂ ಅದನ್ನು ಊನೋದರವೆಂದು ಪರಿಗಣಿಸುತ್ತದೆ. ಶಿವಾರ್ಯರ ಭಗವತೀ ಆರಾಧನೆಯು ಸ್ತ್ರೀಯರ ಪೂರ್ಣಾಹಾರವನ್ನು 28 ಕವಳವೆಂದು ಹೇಳುತ್ತದೆ. ಉದರದ ಅರ್ಧಭಾಗ ಅನ್ನ ವ್ಯಂಜನಗಳಿಗೆ, ಮೂರನೆಯ ಪಾಲು ನೀರಿಗೆ, ನಾಲ್ಕನೆಯದು ಗಾಳಿಯ ಸಂಚಾರಕ್ಕೆ ಖಾಲಿ ಎಂಬ ವಿಭಾಗವೂ ಮೂಲಾಚಾರದಲ್ಲಿದೆ. ಆಯುರ್ವೇದ ಗ್ರಂಥಗಳೂ ಇದೇ ಬಗೆಯ ವಿಭಾಗವನ್ನು ಹೇಳುತ್ತವೆ.

ಒಂದು ಕವಳ ಕಡಿಮೆ ಮಾಡಿದರೂ ತಪಸ್ಸು ಆರಂಭವಾಯಿತೆಂಬ ಮಾತು ಸಾಧಕನಿಗೆ ದೊಡ್ಡ ಅಭಯ. ಬಾಗಿಲು ಇಷ್ಟು ತಗ್ಗಾಗಿದೆ. ಎಂಟು ದಿನ ಹಸಿದಿರಲಾರದವನೂ ಒಳಗೆ ಬರಬಹುದು. ಆದರೆ ಪ್ರತಿದಿನವೂ, ಪ್ರತಿ ಊಟದಲ್ಲಿಯೂ ಅದೇ ಬಾಗಿಲಿನಲ್ಲಿ ಬಾಗಬೇಕಾಗುತ್ತದೆ. ಉಪವಾಸದ ದಿನ ನಿರ್ಧಾರ ಒಂದೇ: ಉಣ್ಣುವುದಿಲ್ಲ. ಅಂದು ಅಡಿಗೆಮನೆಯ ಕಡೆಗೆ ಕಾಲೇ ಹೋಗುವುದಿಲ್ಲ. ಊನೋದರದಲ್ಲಿ ತಟ್ಟೆ ಎದುರಿಗೇ ಇರುತ್ತದೆ, ರುಚಿ ನಾಲಿಗೆಯ ಮೇಲೇ ಇರುತ್ತದೆ. ಸಾಕೆನ್ನುವ ಮಾತು ಆ ರುಚಿಯ ನಡುವಿನಿಂದಲೇ ಹುಟ್ಟಬೇಕು. ಇದರ ಕಾಠಿಣ್ಯವಿರುವುದು ಅಲ್ಲಿ.

ಏನು, ಯಾವಾಗ, ಎಷ್ಟು

ಜೈನ ಗೃಹಸ್ಥನ ಆಹಾರಕ್ಕೆ ಮೂರು ಪ್ರಶ್ನೆಗಳ ಕಾವಲಿದೆ. ಏನು ಉಣ್ಣಬೇಕು? ಯಾವಾಗ ಉಣ್ಣಬೇಕು? ಎಷ್ಟು ಉಣ್ಣಬೇಕು? ಮೊದಲ ಪ್ರಶ್ನೆಗೆ ಅಷ್ಟಮೂಲಗುಣಗಳ ಉತ್ತರವಿದೆ; ಮದ್ಯ, ಮಾಂಸ, ಮಧು ಮತ್ತು ಐದು ಉದುಂಬರ ಫಲಗಳ ತ್ಯಾಗ, ಅದರ ಮೇಲೆ ಕಂದಮೂಲಗಳ ವರ್ಜನೆ. ಎರಡನೆಯದಕ್ಕೆ ರಾತ್ರಿಭೋಜನ ತ್ಯಾಗದ ಉತ್ತರವಿದೆ. ಈ ಎರಡನ್ನು ಅನೇಕ ಮನೆಗಳು ಇಂದಿಗೂ ನಿಷ್ಠೆಯಿಂದ ಪಾಲಿಸುತ್ತಿವೆ. ಮೂರನೆಯ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿಕೊಳ್ಳುತ್ತಿಲ್ಲ.

ಇದರ ಫಲವೇನು? ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲವೆಂಬ ಒಂದೇ ಕಾರಣಕ್ಕೆ ಎಣ್ಣೆಯಲ್ಲಿ ಕರಿದ ಬಾಳೆಕಾಯಿ ಚಿಪ್ಸು ಶುದ್ಧ ಸಾತ್ತ್ವಿಕ ಆಹಾರದ ಪಟ್ಟ ಪಡೆಯುತ್ತದೆ. ತುಪ್ಪದಲ್ಲಿ ಮುಳುಗಿದ ಮೈಸೂರುಪಾಕಿನಲ್ಲಿ ಅಭಕ್ಷ್ಯವಾದುದು ಏನೂ ಇಲ್ಲವೆಂಬ ಧೈರ್ಯದಿಂದ ಮೂರು ತುಂಡುಗಳು ಒಳಗೆ ಇಳಿಯುತ್ತವೆ. ಮಳೆಗಾಲದಲ್ಲಿ ಜೀವದಯೆಯ ಕಾರಣಕ್ಕೆ ಸೊಪ್ಪನ್ನು ಬಿಟ್ಟ ಮನೆಯಲ್ಲಿ ಅದರ ಜಾಗಕ್ಕೆ ಹೆಸರುಕಾಳು, ಹುರುಳಿ, ಸೋರೆಕಾಯಿ, ಹೀರೆಕಾಯಿ ಬರಬೇಕು. ಬರುವುದು ಹಪ್ಪಳದ ಡಬ್ಬಿ. ಭಕ್ಷ್ಯವೆಂಬ ಮುದ್ರೆ ಬಿದ್ದ ಮಾತ್ರಕ್ಕೆ ಪದಾರ್ಥವು ಮಿತಿಯಿಂದ ಮುಕ್ತವಾಗುವುದಿಲ್ಲ ಎಂಬುದನ್ನು ನಾಲಿಗೆ ಮರೆಸಿಬಿಡುತ್ತದೆ.

ಇದು ಕೇವಲ ಒಂದು ಸಮಾಜದ ಚಿಂತೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿ ತಟ್ಟೆಯ ಸುಮಾರು ಅರ್ಧಭಾಗ ತರಕಾರಿ ಮತ್ತು ಹಣ್ಣುಗಳಿಂದ ತುಂಬಿರಬೇಕೆನ್ನುತ್ತದೆ. ಎಣ್ಣೆ, ಉಪ್ಪು, ಸಕ್ಕರೆಗಳನ್ನು ತಗ್ಗಿಸಲು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಮೂಲಾಚಾರವು ಪರಿತ್ಯಾಗಕ್ಕೆಂದು ಎಣಿಸಿರುವ ಆರು ರಸಗಳು ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು. ಇಂದಿನ ವೈದ್ಯನು ಮಿತಗೊಳಿಸಲು ಹೇಳುವ ಪದಾರ್ಥಗಳ ಪಟ್ಟಿಯ ಬಹುಭಾಗ ಆ ಪಟ್ಟಿಯಲ್ಲಿಯೇ ಇದೆ.

ಆರೋಗ್ಯದ ಆಸೆ ಧರ್ಮವೇ?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ತಪಸ್ಸಿನ ಉದ್ದೇಶ ಕರ್ಮನಿರ್ಜರೆ. ತೂಕ ಇಳಿಯಲಿ, ಸಕ್ಕರೆ ಹತೋಟಿಗೆ ಬರಲಿ ಎಂದು ಕಡಿಮೆ ಉಣ್ಣುವುದು ಲೌಕಿಕ ಫಲದ ಅಪೇಕ್ಷೆಯಲ್ಲವೇ? ಫಲಾಪೇಕ್ಷೆಯ ತಪಸ್ಸು ನಿದಾನವೆಂಬ ಶಲ್ಯವಾಗದೆ? ದೇಹವನ್ನು ಆತ್ಮನಿಂದ ಭಿನ್ನವೆಂದು ತಿಳಿಯಬೇಕಾದವನು ಅದರ ಚಿಂತೆಯಲ್ಲಿಯೇ ಮುಳುಗಿದರೆ ಭೇದವಿಜ್ಞಾನಕ್ಕೆ ಎಡೆಯೆಲ್ಲಿ?

ಆಕ್ಷೇಪ ಗಂಭೀರವಾದುದು. ಉತ್ತರವನ್ನು ಆಚಾರ್ಯರೇ ಕೊಟ್ಟಿದ್ದಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅನಶನವನ್ನು ವಿವರಿಸುವಾಗ, ಕಣ್ಣಿಗೆ ಕಾಣುವ ಫಲಗಳ ಅಪೇಕ್ಷೆ ಅದರಲ್ಲಿ ಇರಕೂಡದೆಂದು ಹೇಳುತ್ತಾರೆ. ಮುಂದೆಯೇ ಅವಮೌದರ್ಯದ ಪ್ರಯೋಜನಗಳನ್ನು ಎಣಿಸುವಾಗ ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸ್ವಾಧ್ಯಾಯದ ಸುಖಸಿದ್ಧಿ ಇವನ್ನು ಹೆಸರಿಸುತ್ತಾರೆ. ಇಲ್ಲಿ ದೋಷಶಮನವೂ ಇದೆ. ಅಂದರೆ ದೇಹದ ಸ್ವಾಸ್ಥ್ಯ. ಆದರೆ ಅದು ಒಂಟಿಯಾಗಿ ನಿಂತಿಲ್ಲ. ಒಂದು ಪಕ್ಕದಲ್ಲಿ ಸಂಯಮದ ಎಚ್ಚರ, ಇನ್ನೊಂದು ಪಕ್ಕದಲ್ಲಿ ಸಂತೋಷ ಮತ್ತು ಸ್ವಾಧ್ಯಾಯ. ಹೊಟ್ಟೆ ಬಿರಿಯುವಂತೆ ಉಂಡವನು ಮಧ್ಯಾಹ್ನ ಗ್ರಂಥ ಹಿಡಿದರೆ ಎರಡನೆಯ ಪುಟಕ್ಕೆ ನಿದ್ರೆ ಬರುತ್ತದೆ. ಮಂಡಿನೋವಿನವನಿಗೆ ಸಾಮಾಯಿಕಕ್ಕೆ ಪದ್ಮಾಸನದಲ್ಲಿ ಕುಳಿತುಕೊಳ್ಳಲಾಗುವುದಿಲ್ಲ. ಆರೋಗ್ಯವು ಧರ್ಮದ ಗುರಿಯಲ್ಲ. ಧರ್ಮಸಾಧನೆಯ ದಾರಿಯಲ್ಲಿ ನಡೆಯುವ ಕಾಲು.

ಈ ನಿಲುವಿನ ಮೂಲವನ್ನು ಪ್ರಥಮ ತೀರ್ಥಂಕರರ ಚರಿತೆಯಲ್ಲಿಯೇ ಕಾಣಬಹುದು. ವೃಷಭನಾಥರೊಡನೆ ಸ್ವಾಮಿಭಕ್ತಿಯಿಂದ ನಾಲ್ಕು ಸಾವಿರ ಅರಸರು ದೀಕ್ಷೆ ಪಡೆದರು. ಸ್ವಾಮಿಯು ಆರು ತಿಂಗಳ ಅನಶನದೊಡನೆ ಯೋಗದಲ್ಲಿ ನಿಂತರು. ಅನುಸರಿಸಿ ಬಂದವರು ಹಸಿವು ಬಾಯಾರಿಕೆಗಳನ್ನು ತಾಳಲಾರದೆ ದಾರಿ ತಪ್ಪಿದರು. ಯೋಗ ಮುಗಿದ ಬಳಿಕ ಸ್ವಾಮಿಯು ಆಹಾರಕ್ಕಾಗಿ ಹೊರಟಿದ್ದರ ಹಿಂದಿನ ಆಲೋಚನೆಯನ್ನು ಜಿನಸೇನಾಚಾರ್ಯರು ಆದಿಪುರಾಣದಲ್ಲಿ ವಿವರಿಸಿದ್ದಾರೆ. ಮೋಕ್ಷವನ್ನು ಬಯಸುವವನು ದೇಹವನ್ನು ಬರಿದೆ ಕೃಶಗೊಳಿಸಬಾರದು. ಸವಿಯಾದ ರಸಗಳಿಂದ ಅದನ್ನು ಕೊಬ್ಬಿಸಲೂ ಬಾರದು. ಇಂದ್ರಿಯಗಳು ವಶದಲ್ಲಿರುವಂತೆ, ದಾರಿ ತಪ್ಪಿ ಓಡದಂತೆ ನಡುವಣ ಮಾರ್ಗವನ್ನು ಹಿಡಿಯಬೇಕು ಎಂಬುದು ಅದರ ಸಾರ.

ಆಹಾರದಾನದ ವಿಧಿಯನ್ನು ಅರಿಯದ ಜನರು ಸ್ವಾಮಿಗೆ ರತ್ನ, ವಾಹನಗಳನ್ನು ತಂದೊಡ್ಡಿದರಂತೆ. ತುತ್ತನ್ನು ಕೊಡುವುದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಹಸ್ತಿನಾಪುರದಲ್ಲಿ ಪೂರ್ವಜನ್ಮದ ಸ್ಮರಣೆಯುಂಟಾದ ಶ್ರೇಯಾಂಸನು ಕಬ್ಬಿನ ಹಾಲನ್ನು ಸ್ವಾಮಿಯ ಬೊಗಸೆಗೆ ಎರೆದನು. ಆ ದಿನವೇ ಅಕ್ಷಯ ತೃತೀಯಾ. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಿಂದ ಈ ಕಥೆ ಕನ್ನಡಿಗರ ಮನೆಮಾತಾಗಿದೆ. ಅಷ್ಟು ದೀರ್ಘವಾದ ತಪಸ್ಸಿನ ಪಾರಣೆಯು ಬೊಗಸೆಯ ರಸದಲ್ಲಿ ಮುಗಿಯಿತು. ಇಂದಿನ ಪಾರಣೆಯ ಪಂಕ್ತಿಯಲ್ಲಿ ಬಡಿಸುವ ಸಿಹಿತಿಂಡಿಗಳನ್ನು ಎಣಿಸುವವರು ಆ ಬೊಗಸೆಯನ್ನು ನೆನೆಯಬೇಕು.

ರುಚಿಯ ಮೇಲೆ ಹಗೆಯಿಲ್ಲ

ಜೈನ ಪರಂಪರೆಯು ರುಚಿಯನ್ನು ಅರಿಯದ ಪರಂಪರೆಯಲ್ಲ. 11ನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವಿದೆ. 16ನೆಯ ಶತಮಾನದ ಜೈನಕವಿ ಮಂಗರಸನು ಸೂಪಶಾಸ್ತ್ರವನ್ನೇ ಷಟ್ಪದಿಯಲ್ಲಿ ಬರೆದನು. ವೈದ್ಯದಲ್ಲಿ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಮದ್ಯ, ಮಾಂಸ, ಮಧುಗಳ ನೆರವಿಲ್ಲದೆಯೇ ಚಿಕಿತ್ಸೆಯ ದಾರಿಯನ್ನು ತೋರಿಸಿತು. ಅಡಿಗೆಯನ್ನೂ ಔಷಧವನ್ನೂ ಅಹಿಂಸೆಯ ಚೌಕಟ್ಟಿನೊಳಗೆ ತಂದ ಜನರು ಇವರು. ಆದ್ದರಿಂದ ಸಪ್ಪೆಯಾದುದೆಲ್ಲ ಧರ್ಮ, ರುಚಿಯಾದುದೆಲ್ಲ ಪಾಪ ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬಂಧನವಿರುವುದು ಪದಾರ್ಥದಲ್ಲಿ ಅಲ್ಲ, ಗೃದ್ಧಿಯಲ್ಲಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ, ವಿಷಯಗಳ ಮೇಲಿನ ಆದರವನ್ನು ಬಿಡದಿರುವುದು, ಅನುಭವಿಸಿದ್ದನ್ನು ಮತ್ತೆ ಮತ್ತೆ ನೆನೆಯುವುದು, ಅತಿಯಾದ ಲೋಲುಪತೆ, ಮುಂದಿನ ಭೋಗಕ್ಕಾಗಿ ತೃಷೆ ಮೊದಲಾದವನ್ನು ಸೇರಿಸಿದ್ದಾರೆ. ಎಷ್ಟು ಸೂಕ್ಷ್ಮವಾದ ಪರೀಕ್ಷೆಯಿದು! ನಿನ್ನೆಯ ಮದುವೆಯೂಟದ ಕರಿಗಡುಬನ್ನು ಇಂದು ನೆನೆದು ಬಾಯಲ್ಲಿ ನೀರೂರಿಸಿಕೊಂಡರೆ ಅದು ಎರಡನೆಯ ಸಲ ಉಂಡಂತೆ. ನಾಳಿನ ಊಟದ ಪಟ್ಟಿಯನ್ನು ಇಂದಿನ ಸಾಮಾಯಿಕದಲ್ಲಿ ಹಾಕಿದರೆ ಅದು ಬಡಿಸುವ ಮೊದಲೇ ಉಂಡಂತೆ. ಕೈಯಲ್ಲಿನ ಮೊಬೈಲು ದಿನವಿಡೀ ತಿಂಡಿಗಳ ಚಿತ್ರವನ್ನು ತೋರಿಸುತ್ತಿರುವ ಕಾಲದಲ್ಲಿ, ಹೊಟ್ಟೆಗಿಂತ ಮೊದಲು ತುಂಬುತ್ತಿರುವುದು ಮನಸ್ಸು.

ಮುನಿಗಳ ಆಹಾರಕ್ರಮವು ಇದಕ್ಕೆ ಎದುರಿನ ಕನ್ನಡಿ. ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತು, ಕೈಯನ್ನೇ ಪಾತ್ರೆಯಾಗಿಸಿ ಆಹಾರ ಸ್ವೀಕರಿಸುತ್ತಾರೆ. ಆ ವೃತ್ತಿಗೆ ಆಚಾರ್ಯರು ಕೊಟ್ಟ ಹೋಲಿಕೆಗಳು ಮನನೀಯ. ಹುಲ್ಲು ಹಾಕಿದವರ ಅಲಂಕಾರವನ್ನು ನೋಡದೆ ಹುಲ್ಲನ್ನು ಮಾತ್ರ ಮೇಯುವ ಹಸುವಿನಂತೆ. ಹೂವನ್ನು ನೋಯಿಸದೆ ರಸವನ್ನು ಹೀರುವ ದುಂಬಿಯಂತೆ. ಬಂಡಿ ಸಾಗಲೆಂದು ಅಚ್ಚಿಗೆ ಎಣ್ಣೆ ಹಾಕುವಂತೆ. ಮನೆಗೆ ಹತ್ತಿದ ಬೆಂಕಿಯನ್ನು ಸಿಕ್ಕ ನೀರಿನಿಂದ ನಂದಿಸುವಂತೆ. ಹಳ್ಳವನ್ನು ಸಿಕ್ಕ ಮಣ್ಣಿನಿಂದ ತುಂಬಿಸುವಂತೆ. ಅಚ್ಚಿಗೆ ಎಣ್ಣೆ ಹಾಕದ ಬಂಡಿ ಮುರಿಯುತ್ತದೆ. ಕೊಡಗಟ್ಟಲೆ ಸುರಿದರೆ ಎಣ್ಣೆ ನೆಲದ ಪಾಲಾಗುತ್ತದೆ. ಗೃಹಸ್ಥನು ಮುನಿಯಾಗಬೇಕಿಲ್ಲ. ಉಣ್ಣುವ ಮೊದಲು ಇದು ಅಚ್ಚಿಗೆ ಎಣ್ಣೆಯೇ ಎಂದು ಒಂದು ಕ್ಷಣ ಕೇಳಿಕೊಂಡರೆ ಸಾಕು.

ಹದಿನೈದು ದಿನದ ನಿಯಮ

ಹಿತವಾದ ಆಹಾರಕ್ರಮವನ್ನು ರೂಢಿಸಿಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಸೋಲುವುದು ಆರಂಭದ ಆವೇಶದಲ್ಲಿ. ಯುಗಾದಿಯ ದಿನ ಇನ್ನು ಮುಂದೆ ಸಿಹಿಯೇ ಬೇಡವೆಂಬ ಪ್ರತಿಜ್ಞೆಯಾಗುತ್ತದೆ. ಮೊದಲನೆಯ ಮದುವೆಯ ಮನೆಯಲ್ಲಿ ಅದು ಮುರಿಯುತ್ತದೆ. ಮುರಿದ ಬಳಿಕ ಹೇಗೂ ಮುರಿಯಿತೆಂಬ ಸಡಿಲಿಕೆ ಮೊದಲಿಗಿಂತ ಹೆಚ್ಚಾಗುತ್ತದೆ. ಶ್ರಾವಕಾಚಾರವು ಈ ದೌರ್ಬಲ್ಯವನ್ನು ಮೊದಲೇ ಬಲ್ಲದು. ಸಮಂತಭದ್ರರು ತ್ಯಾಗವನ್ನು ಯಮ ಮತ್ತು ನಿಯಮವೆಂದು ಎರಡಾಗಿ ವಿಂಗಡಿಸಿದ್ದಾರೆ. ಜೀವನಪೂರ್ತಿ ಬಿಡುವುದು ಯಮ. ಕಾಲದ ಮಿತಿಯಿಟ್ಟು ಬಿಡುವುದು ನಿಯಮ. ಇಂದು, ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಹೀಗೆ ಕಾಲದ ಮೆಟ್ಟಿಲುಗಳನ್ನೂ ತೋರಿಸಿದ್ದಾರೆ.

ಒಂದು ಪಕ್ಷದ ಮಟ್ಟಿಗೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲವೆಂಬ ನಿಯಮ ಅವಮೌದರ್ಯದ ಮೊದಲ ಮೆಟ್ಟಿಲು. ಊಟಕ್ಕೆ ಕುಳಿತ ಬಳಿಕ ಬಡಿಸಿದ ಪದಾರ್ಥಗಳಿಗೆ ಮೇಲಿನಿಂದ ಉಪ್ಪು ಕೇಳುವುದಿಲ್ಲ, ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂಬುದು ರಸಪರಿತ್ಯಾಗದ ಮೊದಲ ಮೆಟ್ಟಿಲು. ವಾರದ ಒಂದೊಂದು ದಿನ ಒಂದೊಂದು ರಸವನ್ನು ಬಿಡುವ ರೂಢಿ ಕೆಲವು ಮನೆತನಗಳಲ್ಲಿದೆ. ಅದನ್ನು ಮರಳಿ ತಂದರೆ ಮನೆಯ ಮಕ್ಕಳಿಗೂ ಪಾಠವಾಗುತ್ತದೆ. ಇಂದು ಇಷ್ಟು ಬಗೆಯ ಪದಾರ್ಥಗಳನ್ನು ಮಾತ್ರ, ಊಟದ ಜಾಗದಲ್ಲಿ ಕುಳಿತು ಮಾತ್ರ ಸೇವಿಸುವೆನೆಂಬ ಸಂಕಲ್ಪ ವೃತ್ತಿಪರಿಸಂಖ್ಯಾನದ ಗೃಹಸ್ಥರೂಪ. ಟಿ.ವಿ. ಮುಂದೆ, ಗಾಡಿಯಲ್ಲಿ, ಕೆಲಸದ ಮೇಜಿನ ಬಳಿ ಲೆಕ್ಕವಿಲ್ಲದೆ ಬಾಯಿಗೆ ಹೋಗುವ ತಿಂಡಿಗೆ ಈ ಒಂದು ಗಡಿಯೇ ತಡೆಯಾಗುತ್ತದೆ.

ಪಕ್ಷ ಮುಗಿದ ಮೇಲೆ ನಿಯಮವನ್ನು ಮುಂದುವರಿಸಬಹುದು, ಬದಲಿಸಬಹುದು. ಪೂರೈಸಿದ ಸಣ್ಣ ನಿಯಮವು ಮುರಿದ ದೊಡ್ಡ ಪ್ರತಿಜ್ಞೆಗಿಂತ ಮೇಲು.

ಒತ್ತಾಯದ ಬಡಿಸುವಿಕೆ

ಆಹಾರದ ಮಿತಿಯು ಉಣ್ಣುವವನ ಒಬ್ಬನ ಹೊಣೆಯಲ್ಲ. ಜೈನ ಕರ್ಮಸಿದ್ಧಾಂತವು ಕ್ರಿಯೆಯನ್ನು ಕೃತ, ಕಾರಿತ, ಅನುಮತ ಎಂದು ಮೂರು ಬಗೆಯಾಗಿ ನೋಡುತ್ತದೆ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಮೂರೂ ಕರ್ಮಕ್ಕೆ ಕಾರಣ. ಹಿಂಸೆಯ ವಿಷಯದಲ್ಲಿ ಇದನ್ನು ಎಲ್ಲರೂ ಒಪ್ಪುತ್ತಾರೆ. ಊಟದ ಪಂಕ್ತಿಗೂ ಇದು ಅನ್ವಯಿಸುತ್ತದೆ.

ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದ ಅತಿಥಿಯ ಬೆರಳ ಸಂದಿಯಿಂದಲೇ ಪಾಯಸ ಸುರಿಯುವುದು ಕರ್ನಾಟಕದ ಉಪಚಾರದ ಪರಮಾವಧಿ. ಅದರ ಹಿಂದೆ ಪ್ರೀತಿಯಿದೆ, ಸಂದೇಹವಿಲ್ಲ. ಆದರೆ ಸಕ್ಕರೆಕಾಯಿಲೆಯ ಹಿರಿಯರಿಗೆ ಒಂದು ದಿನ ತಿಂದರೆ ಏನೂ ಆಗದೆಂದು ಒತ್ತಾಯಿಸುವವನು, ಆ ಹಿರಿಯರ ನಿಯಮ ಮುರಿಯುವುದಕ್ಕೆ ಕಾರಣನಾಗುತ್ತಾನೆ. ಪಕ್ಕದಲ್ಲಿ ಕುಳಿತು ನಕ್ಕು ಪ್ರೋತ್ಸಾಹಿಸುವವನು ಅನುಮೋದಿಸುತ್ತಾನೆ. ಸಾಕು ಎಂಬ ಮಾತನ್ನು ಮೊದಲ ಸಲಕ್ಕೇ ಗೌರವಿಸುವುದು ಉಪಚಾರದ ಕೊರತೆಯಲ್ಲ. ಅದೂ ಸಾಧರ್ಮಿಯ ಸೇವೆಯೇ.

ಮನೆಯೊಳಗಿನ ಇನ್ನೊಂದು ಅನ್ಯಾಯ ಮೌನವಾಗಿ ನಡೆಯುತ್ತದೆ. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನ, ಅರ್ಧ ಹೋಳಿಗೆ, ತಳದ ಪಲ್ಯ ವ್ಯರ್ಥವಾಗಬಾರದೆಂದು ಮನೆಯಾಕೆ ಅದನ್ನು ತಾನೇ ಉಣ್ಣುತ್ತಾಳೆ. ಹೊರಗೆ ಚೆಲ್ಲಿದರೆ ಜೀವಹಿಂಸೆ, ಮರುದಿನಕ್ಕಿಟ್ಟರೆ ಮರ್ಯಾದೆ ಮೀರಿದ ಆಹಾರ ಎಂಬ ಅಂಜಿಕೆ. ಹೀಗೆ ಮನೆಯವರೆಲ್ಲರ ಅತಿರೇಕದ ಭಾರ ಒಬ್ಬಳ ಹೊಟ್ಟೆಗೆ ಬೀಳುತ್ತದೆ. ವರ್ಷಗಳು ಕಳೆದಂತೆ ಮೊಣಕಾಲುನೋವು, ರಕ್ತದೊತ್ತಡಗಳ ರೂಪದಲ್ಲಿ ಹೊರಬರುತ್ತದೆ. ಉಳಿದದ್ದನ್ನು ಯಾರು ಉಣ್ಣಬೇಕೆಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆಯಲ್ಲ. ಎಷ್ಟು ಬೇಯಿಸಬೇಕೆಂಬುದನ್ನು ಕೇಳಬೇಕು. ಅವಮೌದರ್ಯವು ತಟ್ಟೆಗಿಂತ ಮೊದಲು ಅಕ್ಕಿ ಅಳೆಯುವ ಪಾವಿನಲ್ಲಿ ಆರಂಭವಾಗಬೇಕು. ಆ ಲೆಕ್ಕ ಹಾಕುವ ಹೊಣೆ ಮನೆಯವರೆಲ್ಲರದು. ಬೆಳಿಗ್ಗೆಯೇ ಯಾರಿಗೆ ಎಷ್ಟು, ಯಾರು ಮನೆಯಲ್ಲಿ ಉಣ್ಣುವುದಿಲ್ಲ ಎಂದು ತಿಳಿಸುವುದೂ ಮಗನ, ಗಂಡನ ಪಾಲಿನ ವ್ರತ.

ರಾತ್ರಿಭೋಜನ ತ್ಯಾಗದ ಕಷ್ಟವೂ ಇಂಥದ್ದೇ. ಬೆಂಗಳೂರಿನಂಥ ನಗರದಲ್ಲಿ ಸಂಜೆ ಆರಕ್ಕೆ ಕಚೇರಿ ಬಿಟ್ಟು ಎಂಟಕ್ಕೆ ಮನೆ ಸೇರುವವನು ಸೂರ್ಯಾಸ್ತದೊಳಗೆ ಉಣ್ಣುವುದೆಂತು? ಕೆಲವರು ವ್ರತವನ್ನೇ ಕೈಬಿಡುತ್ತಾರೆ. ಇನ್ನು ಕೆಲವರು ಸಂಜೆ ಐದಕ್ಕೆ ಅಂಗಡಿಯ ಕರಿದ ತಿಂಡಿಯಿಂದ ಹೊಟ್ಟೆ ತುಂಬಿಸಿ ವ್ರತವನ್ನು ಉಳಿಸಿಕೊಂಡೆವೆನ್ನುತ್ತಾರೆ. ಮನೆಯಿಂದ ಒಯ್ದ ಎರಡನೆಯ ಡಬ್ಬಿಯಲ್ಲಿ ಚಪಾತಿ, ಕಾಳಿನ ಪಲ್ಯವಿದ್ದರೆ ಎರಡೂ ತಪ್ಪುತ್ತವೆ. ಪ್ರತಿದಿನ ಸಾಧ್ಯವಾಗದಿದ್ದರೆ ವಾರಕ್ಕೆ ಎರಡು ದಿನವೆಂಬ ನಿಯಮದಿಂದ ಆರಂಭಿಸಬಹುದು.

ಬೇಲಿಯ ಬಳಿಯ ಎತ್ತು

ನಿಯಮ ಹಿಡಿದವನು ಎಡವುವುದು ನಿಶ್ಚಿತ. ಎಡವುವ ಬಗೆಯನ್ನು ಜೈನಾಚಾರ್ಯರು ನಾಲ್ಕು ಹಂತಗಳಲ್ಲಿ ಗುರುತಿಸಿದ್ದಾರೆ: ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ. ಇದಕ್ಕೆ ಎತ್ತಿನ ದೃಷ್ಟಾಂತವುಂಟು. ಬೇಲಿಯಾಚೆಯ ಹಸಿರು ಪೈರನ್ನು ಕಂಡ ಎತ್ತಿಗೆ ಆಸೆ ಹುಟ್ಟುವುದು ಅತಿಕ್ರಮ. ಎದ್ದು ಬೇಲಿಯತ್ತ ನಡೆಯುವುದು ವ್ಯತಿಕ್ರಮ. ಬೇಲಿಯೊಳಗೆ ಮುಖ ತೂರಿಸಿ ಒಂದು ಬಾಯಿ ಮೇಯುವುದು ಅತಿಚಾರ. ಬೇಲಿ ಮುರಿದು ಒಳನುಗ್ಗಿ ಯಥೇಚ್ಛವಾಗಿ ಮೇಯುವುದು ಅನಾಚಾರ.

ರಾತ್ರಿ ಹತ್ತರ ವೇಳೆಗೆ ಕೋಡುಬಳೆಯ ಡಬ್ಬಿ ನೆನಪಾಗುವುದು, ಕಾಲು ಅಡಿಗೆಮನೆಯತ್ತ ನಡೆಯುವುದು, ಮುಚ್ಚಳ ತೆರೆದು ಒಂದು ತುಂಡು ಬಾಯಿಗೆ ಹೋಗುವುದು, ಕೊನೆಗೆ ಡಬ್ಬಿ ಬರಿದಾಗುವುದು. ಇವೂ ಅದೇ ನಾಲ್ಕು ಮೆಟ್ಟಿಲುಗಳು. ಮೊದಲ ಎರಡರಲ್ಲಿ ಹಿಂತಿರುಗುವುದು ಸುಲಭ, ಕೊನೆಯದರಲ್ಲಿ ಬಹಳ ಕಷ್ಟ. ಜಾಣನು ಡಬ್ಬಿಯನ್ನೇ ಮನೆಗೆ ತರುವುದಿಲ್ಲ. ತಂದರೆ ಕಣ್ಣಿಗೆ ಬೀಳದಲ್ಲಿ ಇಡುತ್ತಾನೆ. ಇದನ್ನು ಹೇಡಿತನವೆನ್ನಲಾಗದು, ಬೇಲಿಯನ್ನು ಹೊಲದಿಂದ ನಾಲ್ಕು ಮಾರು ಈಚೆಗೆ ಹಾಕುವ ವಿವೇಕವಿದು.

ಜಾರಿದರೆ ಪ್ರತಿಕ್ರಮಣವಿದೆ. ದಿನದ ಕೊನೆಗೆ ಇಂದು ಇಲ್ಲಿ ತಪ್ಪಿತೆಂದು ಗುರುತಿಸಿ, ನಾಳಿನ ಪ್ರತ್ಯಾಖ್ಯಾನವನ್ನು ಸ್ವೀಕರಿಸುವುದು ಅದರ ಕ್ರಮ. ತಪ್ಪಿಗಾಗಿ ಮರುದಿನ ಪೂರ್ತಿ ಹಸಿದು ದೇಹವನ್ನು ದಂಡಿಸುವುದಾಗಲಿ, ತನ್ನಿಂದಾಗದೆಂದು ಹತಾಶನಾಗುವುದಾಗಲಿ ಪ್ರತಿಕ್ರಮಣವಲ್ಲ. ಕ್ರೋಧವು ತನ್ನ ಮೇಲೆಯೇ ತಿರುಗಿದರೂ ಅದು ಕಷಾಯವೇ. ಕಷಾಯ ಮತ್ತು ವಿಷಯಗಳನ್ನು ಬಿಡದೆ ಆಹಾರವನ್ನು ಮಾತ್ರ ಬಿಟ್ಟರೆ ಅದು ಬರಿಯ ಲಂಘನವೆಂದು ಹಿರಿಯರು ಹೇಳಿರುವುದು ಈ ಕಾರಣಕ್ಕೆ.

ಶಕ್ತಿಯ ಅಳತೆ

ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ಶಕ್ತಿಗನುಸಾರವಾದ ತ್ಯಾಗ ಮತ್ತು ಶಕ್ತಿಗನುಸಾರವಾದ ತಪ ಎರಡೂ ಸೇರಿವೆ. ಶಕ್ತಿಯನ್ನು ಬಚ್ಚಿಡಬಾರದು, ಶಕ್ತಿಯನ್ನು ಮೀರಲೂಬಾರದು. ಮಧುಮೇಹಕ್ಕೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಪಡೆಯುವವರು ಊಟ ಬಿಟ್ಟರೆ ಸಕ್ಕರೆಯ ಮಟ್ಟ ಅಪಾಯಕರವಾಗಿ ಕುಸಿಯಬಹುದು. ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳುವುದು ಅವರಿಗೆ ಧರ್ಮವೇ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಕೃಶರಾದ ವೃದ್ಧರು ಕಡಿಮೆ ಉಣ್ಣುವ ನಿಯಮಕ್ಕಿಂತ ಹಿತವಾದುದನ್ನು ಉಣ್ಣುವ ನಿಯಮ ಹಿಡಿಯಬೇಕು. ಹಾಲು ಮೊಸರನ್ನೂ ಬಿಟ್ಟ ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ತ್ವದ ಕೊರತೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಅದನ್ನು ಪರೀಕ್ಷಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಮುನಿಯು ರೋಗಿಯಾದಾಗ ಔಷಧದಾನವನ್ನು ಪುಣ್ಯವೆನ್ನುವ ಧರ್ಮವು ಗೃಹಸ್ಥನ ಔಷಧವನ್ನು ದೋಷವೆನ್ನುವುದಿಲ್ಲ.

ಇನ್ನೊಂದು ಮಾತು. ಬಡತನದಿಂದ ಹೊಟ್ಟೆ ತುಂಬದವನ ಹಸಿವು ಅವಮೌದರ್ಯವಲ್ಲ. ಇರುವವನು ಇಚ್ಛಾಪೂರ್ವಕವಾಗಿ ಬಿಟ್ಟಾಗ ಮಾತ್ರ ಅದು ತಪಸ್ಸು. ಹಾಗೆ ಬಿಟ್ಟದ್ದು ಕಪಾಟಿನಲ್ಲಿ ಉಳಿದರೆ ಉಳಿತಾಯವಾಯಿತು. ಹಸಿದವನನ್ನು ತಲುಪಿದರೆ ದಾನವಾಯಿತು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಹಾರವೇ ಮೊದಲನೆಯದು. ಮನೆಯವರ ಎರಡೆರಡು ತುತ್ತು ಸೇರಿ ತಿಂಗಳಿಗೆ ಉಳಿಯುವ ಅಕ್ಕಿ ಬೇಳೆ ಒಂದು ಬಡ ಕುಟುಂಬದ ಒಲೆ ಉರಿಸಬಲ್ಲದು. ಒಬ್ಬನಿಗೆ ಭಾರವಾಗಿದ್ದ ತುತ್ತು ಇನ್ನೊಬ್ಬನಿಗೆ ಬಲವಾಗುತ್ತದೆ.

ದಶಲಕ್ಷಣದಲ್ಲಿ ಉತ್ತಮ ತಪದ ದಿನ ಬರುವುದು ಏಳನೆಯದಾಗಿ. ಅದರ ಹಿಂದಿನ ದಿನ ಉತ್ತಮ ಸಂಯಮದ್ದು, ಮುಂದಿನ ದಿನ ಉತ್ತಮ ತ್ಯಾಗದ್ದು. ಸಂಯಮದಿಂದ ಹೊರಟು ತ್ಯಾಗದ ಕಡೆಗೆ ನಡೆಯುವಾಗ ತಪಸ್ಸು ನಡುವೆ ಸಿಗುತ್ತದೆ. ಪರ್ವ ವರ್ಷಕ್ಕೊಮ್ಮೆ ಬಂದರೂ ಊಟದ ಹೊತ್ತು ದಿನವೂ ಬರುತ್ತದೆ. ಇಂದಿನ ಎಲೆಯ ಮುಂದೆ, ಇನ್ನೂ ಎರಡು ತುತ್ತು ಬೇಕೆನಿಸುವ ಆ ಕ್ಷಣದಲ್ಲಿ, ಪಂಚಪರಮೇಷ್ಠಿಗಳನ್ನು ಸ್ಮರಿಸಿ ಸಮಾಧಾನದಿಂದ ಕೈ ತೊಳೆದವನು ಅಂದಿನ ತಪಸ್ಸನ್ನು ಪೂರೈಸಿರುತ್ತಾನೆ.